ತೋಳು ಒಂಬತ್ತೂವರಿ

ಶುಕ್ರವಾರ ಬೆಟಗೇರ್‍ಯಾಗ ನನ್ನ ಅಂಗಡಿ
ಹನ್ನೊಂದಕ್ಕ ಅರ್ಧ ಶಟರ್ ಇಳೀತೈತಿ.
ಗಿರಾಕಿಗೆ ಗೊತ್ತೈತಿ, ಫೋನ್ ಹಚ್ಚಂಗಿಲ್ಲ.
ಹೊಸಾದರ ಮೊದಲ ಆಟ ನೋಡದ
ಅದರೊಳಗಿನ ಕುಬಸ ನಾ ಹೆಂಗ ಹೊಲೀಲಿ?

ಮಂದಿ ಕತಿ ನೋಡತಾರ. ನಾ ಹೊಲಿಗಿ ನೋಡತೀನಿ.
ಹೋದ ವಾರದ್ದು ಮೂರು ತಾಸು ಹೊಡದಾಟ.
ನಾಯಕನ ಬಿಳಿ ಅಂಗಿಗೆ ರಗತ ಹತ್ತಿದ್ದು ಎಡಗಡಿ,
ಕಣ್ಣು ಪಿಳುಕಿಸೂದರಾಗ ಬಲಗಡಿ.
ನಾ ಒಬ್ಬಾಕಿನ ನಕ್ಕೆ.
ಹಿಂದಿನ ಸಾಲಿನ ಹುಡುಗೂರು "ಸುಮ್ಮಕಿರ್ರಿ ಆಂಟಿ" ಅಂದ್ರು.
ಅವರ ಸೀಟಿಗೆ ನಾ ಎಂದರೆ ಏನರೆ ಅಂದೇನೇನು?

ಅದರ ಹಿಂದಿಂದು ಇಂಟರ್ವಲ್‌ತನಕ ಚಲೋ ಇತ್ತು.
ಆಮ್ಯಾಲೆ ಅರಿವಿ ಸಾಲಲಿಲ್ಲ,
ಕತಿ ಹರದಲ್ಲೆಲ್ಲಾ ಒಂದೊಂದು ಹಾಡಿನ ತ್ಯಾಪಿ.
ನಾಯಕಿಗೆ ಏಳು ಸೀರಿ, ಒಂಬತ್ತು ಮಾತು.
ಎಣಿಸೇನಿ.
ಮುಗದರೂ ಮುಗೀಲಿಲ್ಲ ಅದು:
ಎರಡನೇ ಭಾಗ ಮುಂದಿನ ದಸರೆಗಂತ.
ಎಡದೋಳು ಹೊಲದು ಕೊಟ್ಟು
ಬಲದೋಳಿಗೆ ಮುಂದಿನ ವರ್ಷ ಬರ್ರಿ ಅಂದ್ರ
ನಮ್ಮ ಓಣಿ ಹೆಂಗಸರು
ನನ್ನ ಮಶೀನು ಗಟಾರಕ್ಕ ಒಗೀತಿದ್ರು.

ಮೊದಲ ಫಕ್ಕೀರವ್ವ ಜೋಡಿ ಇರತಿದ್ಲು.
ಆಕಿಗೆ ಹೊಡದಾಟ ಬೇಕು, ನನಗ ಅಳೂದು ಬೇಕು,
ಸಂತಿ ಚೀಲದಾಗ ಚುರಮರಿ ಇಬ್ಬರಿಗೂ ಬೇಕು.
ಈಗ ಮೊಬೈಲಿನ್ಯಾಗ ನೋಡತಾಳ,
ಅಳೂ ಜಾಗಾ ಬಂದ್ರ ಬಟ್ಟಿಲೆ ಮುಂದ ದೂಡತಾಳ.
ಹುಬ್ಬಳ್ಳಿ ಮಾಲಿಗೂ ಒಮ್ಮೆ ಹೋಗಿದ್ವಿ:
ಗೋಂಜಾಳದ ಅರಳಿಗೆ ಮೂರು ಕುಬಸದ ಕೂಲಿ.
ಕುರ್ಚಿ ಮೆತ್ತಗ, ನಿದ್ದಿ ಬರೂವಂಥಾದ್ದು.
ಒಬ್ಬರೂ ಸೀಟಿ ಹೊಡೀಲಿಲ್ಲ. ಒಬ್ಬರೂ ಮೂಗು ಸೀಟಲಿಲ್ಲ.

ಒಂದು ಮಾತು ಹೊಟ್ಟ್ಯಾಗ ಉಳದೈತಿ.
ಪರದೆ ಮ್ಯಾಲೆ ನಮ್ಮ ಮಾತು ಬಂತಂದ್ರ
ಅಂವ ಅಡಗಿಯಂವ ಇರತಾನ, ಇಲ್ಲಾ ಪೆದ್ದ ಪೊಲೀಸ.
"ಯಾಕಲೇ" ಅಂದ ಕೂಡಲೆ ಎಲ್ಲಾರೂ ನಗತಾರ,
ಗದಗಿನ್ಯಾಗ ಕುಂತು, ಗದಗಿನ ಮಂದೀನ.
ನಾನೂ ನಕ್ಕೇನಿ, ಸುಳ್ಳ್ಯಾಕ.
ಅವತ್ತ ಮನೀಗೆ ಬಂದು ಗಂಡಗ
"ಊಟಕ್ಕ ಏಳ್ರಿ, ಪಲ್ಯ ಆರಾಕತ್ತೇತಿ" ಅಂದೆ,
ನನ್ನ ದನಿ ನನಗ ಕೇಳಿಸಿತು.

ಬರೂವು ಭಾಳ ಅದಾವ.
ಟೀಸರ್ ಅಂದ್ರೇನು, ಅಂಗಡ್ಯಾಗ ತೋರಸೂ ಗೇಣು ತುಂಡು.
ಥಾನ ಬಿಚ್ಚಿ ಒಗದ ಮ್ಯಾಲೆ ಬಣ್ಣದ ಹಣೇಬಾರ.
ಐದು ಭಾಷಾ, ಉರಿಯೂ ಊರು,
ಬೆನ್ನು ತೋರಿಸಿ ನಿಂತ ಗಡ್ಡದಂವ.
ಹೋಗತೀನಿ. ಅದಕ್ಕೂ ಹೋಗತೀನಿ.

ಖರೆ ಕಾಯಾಕತ್ತಿದ್ದು ಬ್ಯಾರೆ.
ಮುಳಗುಂದದ ದಾವಲ, ಮದಿವಿ ವಿಡಿಯೋ ತಗಿಯಂವ,
ಹೋದ ಥಂಡ್ಯಾಗ ಬಂದು
"ಅವ್ವನ ಪಾರ್ಟಿಗೆ ಆರು ಕುಬಸ ಅಕ್ಕಾ,
ಹೊಸಾವು ಹಳೇವು ಕಾಣಬೇಕು" ಅಂದ.
ಚಹಾದ ನೀರಾಗ ಅದ್ದಿದೆ.
ಕಂಕಳದ ಹೊಲಿಗಿ ಬಿಚ್ಚಿ
ಬ್ಯಾರೆ ಬಣ್ಣದ ದಾರ ಹಾಕಿ ಸಡಿಲ ಮಾಡಿದೆ.
ಎರಡು ಹಡದಾಕಿ ಹಿಂಗ ಬಿಚ್ಚಿ ಹೊಲಕೋತಾಳೋ ತಮ್ಮಾ ಅಂದ್ರ
ಹುಡುಗ ಅದನ್ನೂ ಬರಕೊಂಡ.
ಆ ಅವ್ವ ನಮ್ಮಂಗ ಮಾತಾಡತಾಳಂತ,
ಯಾರೂ ನಗದಂಗ.

ಯುಗಾದಿಗೆ ಅಂದ. ಮಣ್ಣೆತ್ತಿನ ಅಮಾಸಿಗೆ ಅಂದ.
ಈಗ ಕೇಳಿದ್ರ "ಥಿಯೇಟರ್ ಸಿಗವಲ್ತು ಅಕ್ಕಾ,
ಇದ್ದಬದ್ದ ಪರದೆ ಎಲ್ಲಾ ಗಡ್ಡದಂವ ಹಿಡದಾನ."
ಹೌದಪಾ ಅಂದೆ.
ಆ ಗಡ್ಡದವನ ಟಿಕೆಟ್
ನನ್ನ ಚೀಲದಾಗ ಇತ್ತು.

ಆಕಿ ಅಳತಿ ಇನ್ನೂ ಗ್ವಾಡಿ ಮ್ಯಾಲೈತಿ, ಸೀಮಿಸುಣ್ಣದಾಗ:
ಎದಿ ಮೂವತ್ತೆಂಟು, ತೋಳು ಒಂಬತ್ತೂವರಿ.
ದೀಪಾವಳಿಗೆ ಬಣ್ಣ ಹಚ್ಚಾಕ ಬಂದಂವಗ
ಅಷ್ಟು ಜಾಗಾ ಬಿಟ್ಟು ಹಚ್ಚು ಅಂದೆ.
ಯಾಕ ಅಂತ ಕೇಳಿದ.
ಏಣಿ ಗಟ್ಟಿ ಹಿಡಕೊಂಡು ನಿಂತೆ.