ಮುನ್ನೂರು ಮಿಲಿಮೀಟರ್

ಹುಲಿಕಲ್ ಘಾಟಿಯ ರಸ್ತೆಯನ್ನು ಮೂವತ್ತು ವರ್ಷಕ್ಕೆ
ಕಂಪನಿಗೆ ಬರೆದುಕೊಟ್ಟ ಕರಾರಿನಲ್ಲಿ
ಅಪಾಯ ಹಂಚಿಕೆಯ ಪಟ್ಟಿ ಟೈಪು ಮಾಡಿದವನು ನಾನು,
ಶಿವಮೊಗ್ಗದ ಲೋಕೋಪಯೋಗಿ ಕಚೇರಿ, ಎರಡನೇ ಮಹಡಿ,
ಫ್ಯಾನು ಕೆಟ್ಟ ಕೋಣೆ.

ಎಡಗಡೆ ಸರ್ಕಾರ, ಬಲಗಡೆ ಕಂಪನಿ.
ಜಮೀನು ಸಿಗುವುದು ತಡವಾದರೆ ಎಡಕ್ಕೆ.
ಬಡ್ಡಿ ಏರಿದರೆ ಬಲಕ್ಕೆ.
ಎಣಿಸಿದಷ್ಟು ಲಾರಿ ಬರದೆ ಟೋಲು ಸೊರಗಿದರೆ
ನೂರಕ್ಕೆ ಇಪ್ಪತ್ತರವರೆಗೆ ಬಲಕ್ಕೆ, ಆಮೇಲೆ ಇಬ್ಬರಿಗೂ.
ಇಷ್ಟಕ್ಕೇ ಮೂರು ಸಭೆ, ಲೆಕ್ಕವಿಲ್ಲದಷ್ಟು ಖಾರ ಮಂಡಕ್ಕಿ.

ಗುಡ್ಡ ಜಾರಿದರೆ?
ಹೈದರಾಬಾದಿನಿಂದ ಬಂದ ವಕೀಲರು
ಮಳೆ ದೈವಾಧೀನ ಎಂದರು.
ನಮ್ಮ ಷಡಕ್ಷರಪ್ಪ ಸಾಹೇಬರು ಕನ್ನಡಕ ತೆಗೆದು ಒರೆಸಿದರು:
"ಇಲ್ಲಿ ಅದು ಹೆಸರು ಹೇಳಿಕೊಂಡೇ ಬರುತ್ತೆ ಸ್ವಾಮಿ,
ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ.
ಕ್ಯಾಲೆಂಡರಿನಲ್ಲಿ ಇರುವುದು ದೈವಾಧೀನ ಹೇಗೆ?"
ಕೊನೆಗೆ ಒಂದು ಅಂಕಿಗೆ ರಾಜಿ.
ದಿನಕ್ಕೆ ಮುನ್ನೂರು ಮಿಲಿಮೀಟರ್.
ಮುಟ್ಟಿದರೆ ದೈವ, ಅಂದರೆ ಎಡಕ್ಕೆ.
ಮುಟ್ಟದಿದ್ದರೆ ಬಲಕ್ಕೆ.
ಬ್ಯಾಂಕಿನವರು ಸಹಿ ಹಾಕಿದ್ದು ಆ ಎರಡು ಸೊನ್ನೆ ನಂಬಿ.

ಆರನೇ ವರ್ಷ, ಪುಷ್ಯ ಮಳೆಯ ಒಂದು ರಾತ್ರಿ
ಒಂಬತ್ತನೇ ತಿರುವು ಇಡಿಯಾಗಿ ಕಣಿವೆಗೆ ಇಳಿಯಿತು.
ಬೆಳಿಗ್ಗೆ ಎಂಟೂವರೆಗೆ ಕಂಬಳಿಕೊಪ್ಪೆ ಹೊದ್ದು ಬಂದಳು
ಮಳೆ ಅಳೆಯುವ ಗುತ್ಯಮ್ಮ,
ತಿಂಗಳಿಗೆ ಒಂಬೈನೂರು ಗೌರವಧನ.
ಅವಳಿಗಿಂತ ಮೊದಲೇ ಎರಡು ಜೀಪು ಬಂದು ನಿಂತಿದ್ದವು.
ಅಳತೆಗಾಜು ತುಂಬಿದಳು, ಚೆಲ್ಲಿದಳು,
ಚೆಲ್ಲಿದಾಗೊಮ್ಮೆ ಬೇಲಿಗೂಟಕ್ಕೆ ಸುಣ್ಣದ ಗೀಟು.
ಹದಿನಾಲ್ಕು ಗಾಜು. ಹದಿನೈದನೆಯದು
ಕೂದಲೆಳೆಯಷ್ಟು ಕಮ್ಮಿ.
ಇನ್ನೂರ ತೊಂಬತ್ತೊಂಬತ್ತು ಪಾಯಿಂಟ್ ಆರು.

"ಮುನ್ನೂರು ಅಂತ ಬರಿಯಮ್ಮ, ಏನೀಗ," ಎಂದರು ಒಂದು ಜೀಪಿನವರು.
ಇನ್ನೊಂದು ಜೀಪಿನವರು ನಾವು. ನಾವೇನೂ ಹೇಳಲಿಲ್ಲ,
ಅವಳ ಪೆನ್ಸಿಲ್ಲನ್ನೇ ನೋಡುತ್ತಿದ್ದೆವು.
ಕಂಡದ್ದನ್ನು ಬರೆದಳು. ಪುಸ್ತಕ ಮುಚ್ಚಿ ಕೊಪ್ಪೆಯೊಳಗೆ ಇಟ್ಟುಕೊಂಡಳು.

ಎಂಬತ್ತೆರಡು ಕೋಟಿ.
ನಾನೂರ ಹತ್ತು ಪುಟದ ಕರಾರಿನಲ್ಲಿ
ದಶಾಂಶವನ್ನು ಮೇಲಕ್ಕೆ ಎತ್ತಬೇಕೋ ಅಲ್ಲೇ ಬಿಡಬೇಕೋ
ಎಂಬ ಒಂದು ಸಾಲಿಲ್ಲ.
ಟೈಪು ಮಾಡಿದವನು ನಾನು, ನನಗೆ ಗೊತ್ತು.
ಐದು ವರ್ಷದಿಂದ ದೆಹಲಿಯಲ್ಲಿ ಮಧ್ಯಸ್ಥಿಕೆ.
ತಿರುವಿನಲ್ಲಿ ಮರಳುಚೀಲ, ಒಂದೊಂದೇ ಬಸ್ಸು,
ಬಡ್ಡಿ ಮಾತ್ರ ಯಾವ ಮಳೆಗೂ ನಿಲ್ಲದೆ
ಘಾಟಿ ಹತ್ತುತ್ತಿದೆ.

ನಿವೃತ್ತಿಗೆ ಮುಂಚಿನ ವಾರ
ಸಾಕ್ಷಿ ಹೇಳಿಕೆಗೆ ಅವಳ ಸಹಿ ತರಲು ಹೋಗಿದ್ದೆ.
ಸಹಿ ಹಾಕಿ, ತಗಡಿನ ಡಬ್ಬಿ ಮಗುಚಿ ಬುಡ ತೋರಿಸಿದಳು.
ತುಕ್ಕು. ಸೂಜಿಮೊನೆಯಷ್ಟು ತೂತು,
ಜೇನುಮೇಣ ಮೆತ್ತಿದ್ದಾಳೆ.
"ಇನ್ನೂ ಹತ್ತೊಂಬತ್ತು ವರ್ಷ ಐತಂತಲ್ಲ ಸಾರ್,
ಹೊಸಾ ಡಬ್ಬಿ ಯಾರ ಲೆಕ್ಕಕ್ಕೆ?"

ವಿಚಾರಿಸುತ್ತೇನೆ ಎಂದೆ.
ಆ ತೂತು ಯಾವ ವರ್ಷದ್ದು ಎಂದು
ಕೇಳಲಿಲ್ಲ.