ಎಂಟಂಕಿ

ಹಳೇ ಬಾಗಲಕೋಟಿ, ಕಿಲ್ಲಾ ಓಣಿ.
ನಮ್ಮ ಅಡಿಗಿಮನಿ ಗ್ವಾಡಿ ಮ್ಯಾಲ
ಯಮನೂರಪ್ಪ ಮಾಸ್ತರ ಇದ್ದಲಿಲೆ ಬರದ್ರು:
೭೩೯೩೯೧೩೩.

"ಒಡಿ ನೋಡೂಣು."
ಮೂರರಿಂದ, ಏಳರಿಂದ, ಹದಿಮೂರರಿಂದ
ಪಾಟಿ ತುಂಬ ಭಾಗಿಸಿದೆ.
ಪ್ರತಿ ಸಲ ಏನರೆ ಉಳೀತು.

ಹೆಬ್ಬಟ್ಟಿಗೆ ಉಗುಳು ಹಚ್ಚಿ
ಕಡೀ ಮೂರು ಒರಸಿದ್ರು. "ಈಗ?"
ಈಗಲೂ ಒಡೀಲಿಲ್ಲ.
ಮತ್ತೊಂದು ಒರಸಿದ್ರು. ಮತ್ತೊಂದು.
೭೩೯೩೯.
ಬಲಗಡಿಂದ ಎಷ್ಟು ತಿಂದರೂ
ಉಳದದ್ದು ಇಡೀನ.

ಆ ವರ್ಷ ಹಿನ್ನೀರು ತೆಗ್ಗಿನ ಓಣಿ ದಾಟಿ
ಬಣಗಾರ ಅಂಗಡಿ ಮೆಟ್ಟಲಕ್ಕ ಬಂದಿತ್ತು.
ನಮ್ಮ ಬಾಗಲಕ್ಕೂ ಸರ್ಕಾರದವರು
ಕೆಂಪು ಬಣ್ಣದಾಗ ನಂಬರ ಬರದು ಹೋಗಿದ್ರು.
ಅದನ್ನೂ ಭಾಗಿಸಿ ನೋಡಿದ್ದೆ ನಾನು:
ನಾಕರಿಂದ ಸರಳ ಹೋತು,
ನಾಕೂ ಕಾಕಾಗಳ ಪಾಲಿನ್ಹಂಗ.

"ಬಲಕ್ಕ ಇನ್ನೊಂದು ಅಂಕಿ ಹಚ್ರಿ, ಮಾಸ್ತರ್ರ."
"ಯಾವದರ ಹಚ್ಚು, ಒಡೀತೈತಿ.
ಬೆಳ್ಯಾಕ ಜಾಗಾ ಇಲ್ಲ ಇದಕ್ಕ.
ಕಳ್ಕೊಳ್ಳಾಕಷ್ಟ ಐತಿ."

ಟ್ರ್ಯಾಕ್ಟರ್ ಏರಿ ನವನಗರಕ್ಕ ಬಂದ್ವಿ.
ಹಾಸಿಗಿ, ಹರವಿ, ಬೀಸೂಕಲ್ಲು,
ಬಾಗಲಾ ಸೈತ ಕಿತ್ತು ತಂದಾಯಿತು.
ಗ್ವಾಡಿ ಮ್ಯಾಲಿನ ಏಳು ಮಾತ್ರ ಅಲ್ಲೇ ಉಳೀತು.

ನೀರು ಇನ್ನೂ
ಅದನ್ನ ಭಾಗಿಸಾಕ ಹತ್ತಿರಬೇಕು.