ತೂಬಿನ ಮೇಲೆ ಕೂತು ಎಣಿಸಿದ್ದು

ಶಿವರಾತ್ರಿಗೆ ಎಂಟು ದಿನ. ಮುಳಬಾಗಿಲಿನಾಚೆಯ ಕೆರೆ.
ಏರಿಯ ಕಲ್ಲಿಗೆ ಇನ್ನೂ ಬಿಸಿಲು ತಾಗಿಲ್ಲ.
ಕೊರಳಲ್ಲಿ ಎರವಲು ದುರ್ಬೀನು,
ತೊಡೆಯ ಮೇಲೆ ಎರಡು ಮನೆ ಗೀಚಿದ ಹಾಳೆ.

ಒಂದು ಬಾತಿಗೆ ಬಿಳಿ ಹುಬ್ಬು, ಕಣ್ಣ ಮೇಲಿಂದ ಕತ್ತಿನವರೆಗೂ
ಸುಣ್ಣದ ಬೆರಳು ಎಳೆದ ಹಾಗೆ.
ಇನ್ನೊಂದಕ್ಕೆ ಹುಣಸೆಹಣ್ಣಿನ ಬಣ್ಣದ ತಲೆ,
ಕಣ್ಣ ಸುತ್ತ ಪಾಚಿಹಸಿರು.
ಎರಡೂ ಒಂದು ಚೊಂಬಿನಷ್ಟೇ.
ಸುಲಭ, ಅಂದುಕೊಂಡೆ.

ನೀರಗಂಟಿ ಪಿಳ್ಳಪ್ಪ ಬಂದು ಪಕ್ಕ ಕೂತ.
ಎರಡು ಕಣ್ಣಿಗೂ ಪೊರೆ.
"ಅಗೋ, ಸೀರಣಿಗೆ ಹಲ್ಲಿನ ಮೇಲೆ ಉಗುರು ಎಳೆದಂಗೆ
ಕರ್ರ್ ಅಂತಲ್ಲ, ಅದು ನಿಮ್ಮ ಹುಬ್ಬಿಂದು.
ದೂರದಲ್ಲಿ ಎತ್ತಿನ ಕಿರುಗಂಟೆ ಅಂದ್ರೆ ಹಸಿರುಗಣ್ಣಿಂದು."

ಗಂಡು ಹದಿನೇಳು. ಗಂಡು ಒಂಬತ್ತು. ಬರೆದೆ.

ಉಳಿದವು ಹೆಣ್ಣು. ಜೊಂಡಿನಂಚಿಗೆ
ಕಂದಿನ ಪಕ್ಕ ಕಂದು, ಒಣಹುಲ್ಲಿನ ಪಕ್ಕ ಒಣಹುಲ್ಲು.
ಕೊಕ್ಕಿನ ಬುಡದ ಮಸುಕು ಚುಕ್ಕೆ ಹುಡುಕಿ ಹುಡುಕಿ
ಗಾಜಿಗೆ ನನ್ನ ಉಸಿರೇ ಮುಸುಕಿತು.
"ಇವು ಯಾವ ಜಾತಿ, ಪಿಳ್ಳಪ್ಪ?"

ಬೀಡಿ ಕಿವಿಗೆ ಸಿಕ್ಕಿಸಿಕೊಂಡು
ನೀರಿನ ಕಡೆ ನಕ್ಕ.
"ನಲವತ್ತು ವರ್ಷ ಈ ತೂಬು ಎತ್ತಿದೀನಿ.
ಗದ್ದೆಗೆ ನೀರು ಬಿಡೋವಾಗ ಯಾರೂ ಕೇಳ್ಲಿಲ್ಲ.
ಕುಡಿಯೋಕೆ ಲೋಟ ಕೊಡೋವಾಗ ಕೇಳಿದ್ರು."

ಒಂದು ಹೆಣ್ಣು ತಲೆ ಮುಳುಗಿಸಿತು, ಬಾಲ ಆಕಾಶಕ್ಕೆ.
ಎದ್ದಾಗ ಮುಖದ ತುಂಬ ಕೆಸರು,
ಚುಕ್ಕೆ ಇದ್ದರೂ ಕಾಣದಷ್ಟು.

ಎರಡು ಮನೆಯ ನಡುವಿನ ಗೆರೆಯ ಮೇಲೆಯೇ ಬರೆದೆ:
ಮೂವತ್ತೊಂದು.
ಆಫೀಸಿನವರು ಒಪ್ಪಲಿಕ್ಕಿಲ್ಲ.

"ಮೂವತ್ತೆರಡು," ಅಂದ ಪಿಳ್ಳಪ್ಪ.
"ಜೊಂಡಿನ ಹಿಂದೆ ಒಂದಿದೆ,
ಈಗ ಮಗ್ಗುಲು ಬದಲಾಯಿಸ್ತು."